ನಕ್ಷೆಯಲ್ಲಿ ಹಳ್ಳ, ನೆಲದ ಮೇಲೆ ಕಬ್ಬು

ಕೆರಗೋಡು: ಮಂಡ್ಯದಿಂದ ಸುಮಾರು 15 ಕಿಲೋಮೀಟರ್ ದೂರದ ಈ ಹೋಬಳಿ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗುವವರು ದಾರಿಯಲ್ಲಿ ಎಷ್ಟು ಹಳ್ಳ ದಾಟಿದೆವೆಂದು ಎಣಿಸುವುದಿಲ್ಲ. ಎಣಿಸುವಂಥ ದೊಡ್ಡ ಹಳ್ಳಗಳೂ ಅಲ್ಲ ಅವು. ಬಸ್ಸು ಒಂದಿಷ್ಟು ಇಳಿಜಾರು ಇಳಿಯುತ್ತದೆ, ಮೋರಿಯ ಮೇಲೆ ದಡಕ್ಕೆನ್ನುತ್ತದೆ, ಮತ್ತೆ ಏರು ಹತ್ತುತ್ತದೆ. ಆ ದಡಕ್ಕೆಂದ ಜಾಗವೇ ಹಳ್ಳ.

ಇಂಥ ಹಳ್ಳಕ್ಕೆ ಹೆಸರಿರುವುದು ಅಪರೂಪ. ಇದ್ದರೂ ಊರಿಗೊಂದು. ಮೇಲಿನ ಊರಿನವರು ಕೆರೆ ಹಳ್ಳ ಅಂದರೆ ಕೆಳಗಿನ ಊರಿನವರು ಕೋಡಿ ಹಳ್ಳ ಅಂತಾರೆ. ಅದರಾಚೆಯವರಿಗೆ ಅದು ಬರೀ ಹಳ್ಳ. ಹೆಸರಿಲ್ಲದ್ದಕ್ಕೆ ವಾರಸುದಾರರೂ ಇಲ್ಲ ಎಂದು ಜನ ತಿಳಿದಿದ್ದಾರೋ ಏನೋ!

ಹಳ್ಳ ಎಲ್ಲಿದೆ ಎಂಬ ಪ್ರಶ್ನೆಗೆ ಇಂದು ಎರಡು ಉತ್ತರ ಸಿಗುತ್ತದೆ. ಗ್ರಾಮ ನಕ್ಷೆ ಬಿಚ್ಚಿದರೆ ಅಂಕುಡೊಂಕಾದ ಜೋಡಿಗೆರೆ, ಸರ್ವೆ ನಂಬರುಗಳ ನಡುವೆ ಹಾವಿನ ಹಾಗೆ ಮಲಗಿರುತ್ತದೆ. ನಕ್ಷೆ ಮಡಿಸಿ ಗದ್ದೆಗೆ ಇಳಿದರೆ ಜೋಡಿಗೆರೆಯ ಜಾಗದಲ್ಲಿ ಕಬ್ಬು ನಿಂತಿರುತ್ತದೆ. ಕೇಳಿದರೆ, ಹಳ್ಳ ಎಲ್ಲದೆ ಬುಡಿ ಸ್ವಾಮಿ, ಅದು ಬದೀನಲ್ಲಿ ಹೋಗೋ ಮೋರಿ ಎನ್ನುವ ಧಾಟಿಯ ಉತ್ತರ. ಕೆರಗೋಡು ಸೀಮೆಯಾಗಲಿ, ಮಗ್ಗುಲಿನ ಕೊಪ್ಪದ ಸೀಮೆಯಾಗಲಿ, ಕೆಳಗಿನ ಮದ್ದೂರು, ಮಳವಳ್ಳಿಯಾಗಲಿ, ಕಥೆ ಹೆಚ್ಚುಕಡಮೆ ಒಂದೇ.

ಮೋರಿ ಎಂದು ತಳ್ಳಿಹಾಕುವ ಈ ಹಳ್ಳದ ಮೇಲೆ ಊರಿನ ಗದ್ದೆಯೆಲ್ಲ ನಿಂತಿದೆ ಎಂಬುದು ಮಾತ್ರ ಯಾರ ತಲೆಗೂ ಹೊಳೆದಂತಿಲ್ಲ.

ಹೆಸರಿನಲ್ಲೇ ನೀರು

ಕೆರಗೋಡಿನ ಹೆಸರಿನಲ್ಲೇ ಕೆರೆ ಕೂತಿದೆ. ಹಳೆಯ ಶಾಸನಗಳಲ್ಲಿ ಇದು ಕೆರೆಗೋಡು. ಕೋಡು ಎಂದರೆ ಕೊಂಬು, ಶಿಖರ. ಕೋಡಿ ಎಂದರೆ ತುಂಬಿದ ಕೆರೆ ಹೆಚ್ಚುವರಿ ನೀರನ್ನು ಹೊರಕ್ಕೆ ಬಿಡುವ ಬಾಯಿ. ಯಾವ ಅರ್ಥ ಹಿಡಿದರೂ ಮುಂದಿನ ಪದ ಕೆರೆಯೇ. ಕೆರೆ ಇದ್ದರೆ ಕೋಡಿ, ಕೋಡಿ ಇದ್ದರೆ ಹಳ್ಳ. ಮೂರೂ ಒಂದೇ ಮನೆಯವು.

ಊರು ನಿನ್ನೆ ಮೊನ್ನೆಯದಲ್ಲ. ಮಂಡ್ಯ ತಾಲ್ಲೂಕಿನ ಹಲ್ಲೆಗೆರೆಯಲ್ಲಿ ಸಿಕ್ಕಿದ ತಾಮ್ರ ಶಾಸನ ಗಂಗರ ದೊರೆ ಒಂದನೇ ಶಿವಮಾರನ ಕಾಲದ್ದು, ಕ್ರಿ.ಶ. 713ರದ್ದು. ಅದರಲ್ಲಿ ಕೆರೆಗೋಡು ವಿಷಯದ ಹೆಸರಿದೆ. ವಿಷಯ ಎಂದರೆ ಆಗಿನ ಆಡಳಿತದ ಒಂದು ವಿಭಾಗ, ಈಗಿನ ಲೆಕ್ಕದಲ್ಲಿ ತಾಲ್ಲೂಕೋ ಹೋಬಳಿಯೋ ಅನ್ನಬಹುದು. ಸಾವಿರದ ಮುನ್ನೂರು ವರ್ಷದ ಹಿಂದೆಯೇ ಈ ಸೀಮೆಗೆ ಕೆರೆಯ ಹೆಸರಿತ್ತು ಎಂದರೆ, ಇಲ್ಲಿನವರು ಮಳೆನೀರು ಕಟ್ಟಿ ಬಾಳುವುದನ್ನು ಅಷ್ಟು ಹಿಂದೆಯೇ ಕಲಿತಿದ್ದರು ಎಂದಾಯಿತು.

ಸುತ್ತಣ ಊರುಗಳ ಹೆಸರನ್ನೂ ಒಮ್ಮೆ ಓದಿಕೊಂಡು ಹೋಗಿ. ಆಲಕೆರೆ, ಹಲ್ಲೆಗೆರೆ, ಹನಕೆರೆ, ಹೊಡಾಘಟ್ಟ. ಕೆರೆ ಎಂದು ಮುಗಿಯುವ ಊರು ಹೆಜ್ಜೆಹೆಜ್ಜೆಗೆ. ಸ್ವಲ್ಪ ಎತ್ತರದಲ್ಲಿ, ಕೆರೆ ನೀರು ಹತ್ತದ ಕಡೆ, ದೊಡ್ಡಿಗಳ ಸಾಲು. ದೊಡ್ಡಿ ಎಂದರೆ ದನ ಕೂಡುವ ಜಾಗ. ತಗ್ಗಿನಲ್ಲಿ ಕೆರೆಯ ಊರು, ದಿಬ್ಬದಲ್ಲಿ ದನದ ಊರು. ಭೂಗೋಳದ ಪುಸ್ತಕ ತೆರೆಯಬೇಕಾಗಿಲ್ಲ, ಬಸ್ಸಿನ ಬೋರ್ಡು ಓದಿದರೆ ಸಾಕು.

ದಿಬ್ಬದಿಂದ ತಗ್ಗಿಗೆ

ಮಂಡ್ಯ ತಾಲ್ಲೂಕಿನ ನೀರಿಗೆ ದೊಡ್ಡದಾಗಿ ಎರಡು ದಾರಿ. ಪಶ್ಚಿಮದಲ್ಲಿ ಲೋಕಪಾವನಿ, ಪೂರ್ವದಲ್ಲಿ ಶಿಂಷಾ. ಕೆರಗೋಡು ಸೀಮೆಯ ನೀರು ಶಿಂಷೆಯ ಪಾಲು. ತುಮಕೂರು ಜಿಲ್ಲೆಯಲ್ಲಿ ಹುಟ್ಟಿ ಮದ್ದೂರು ದಾಟಿ ಬರುವ ಶಿಂಷಾ ಮಳವಳ್ಳಿ ತಾಲ್ಲೂಕಿನಲ್ಲಿ ಧುಮುಕಿ ಕಾವೇರಿ ಸೇರುತ್ತಾಳೆ. ಅಂದರೆ ಕೆರಗೋಡಿನ ಹೊಲದ ಬದುವಿನಲ್ಲಿ ಹರಿಯುವ ಹೆಸರಿಲ್ಲದ ಹಳ್ಳವೂ ಕಾವೇರಿಯ ಕುಟುಂಬದ್ದೇ. ಕಾವೇರಿ ನಮ್ಮದು ಎಂದು ರಸ್ತೆಗೆ ಇಳಿಯುವವರು ಈ ನಂಟನ್ನೂ ನೆನಪಿಡಬೇಕು.

ಒಂದು ಹಳ್ಳದ ಈ ಕಡೆಯ ದಿಬ್ಬದಿಂದ ಆ ಕಡೆಯ ದಿಬ್ಬಕ್ಕೆ ನಡೆದು ನೋಡಿದರೆ ಮಂಡ್ಯ ಸೀಮೆಯ ಒಕ್ಕಲುತನವೆಲ್ಲ ಅರ್ಧ ಗಂಟೆಯಲ್ಲಿ ಕಣ್ಣಿಗೆ ಬೀಳುತ್ತದೆ.

ನೆತ್ತಿಯ ಮೇಲೆ ಬೋರೆ. ಕಲ್ಲುಗುಂಡು, ತೆಳುವಾದ ಕೆಮ್ಮಣ್ಣು. ಇಲ್ಲಿ ಗೋಮಾಳ, ಅಲ್ಲಲ್ಲಿ ನೀಲಗಿರಿ, ಮಾವು. ಅದರ ಕೆಳಗೆ ಖುಷ್ಕಿ ಹೊಲ. ರಾಗಿ, ಅದರ ಸಾಲಿನಲ್ಲಿ ಅವರೆ, ಕೊನೆಗೊಂದಿಷ್ಟು ಹುರುಳಿ. ಇನ್ನೂ ಕೆಳಗೆ ಇಳಿದರೆ ಮಣ್ಣಿನ ಬಣ್ಣ ಕಪ್ಪಾಗುತ್ತಾ ಬರುತ್ತದೆ. ತೆಂಗಿನ ತೋಟ, ಹಿಪ್ಪುನೇರಳೆ ಕಡ್ಡಿ. ಆಮೇಲೆ ತರಿ, ಭತ್ತ ಮತ್ತು ಕಬ್ಬು. ತರಿಯೂ ಮುಗಿದ ಮೇಲೆ, ಎಲ್ಲಕ್ಕಿಂತ ತಗ್ಗಿನಲ್ಲಿ, ಹಳ್ಳ.

ಬೋರೆಯ ಮಣ್ಣು ಮಳೆಗೆ ತೊಳೆದು ಶತಮಾನಗಟ್ಟಲೆ ಇಳಿದು ಬಂದು ತಗ್ಗಿನಲ್ಲಿ ಕೂತಿದೆ. ತರಿಯ ಮಣ್ಣು ಫಲವತ್ತು ಎಂದು ಬೀಗುವವರು, ಆ ಮಣ್ಣು ತಂದು ಕೊಟ್ಟದ್ದು ಇದೇ ಹಳ್ಳ ಎಂಬುದನ್ನು ಮರೆಯಬಾರದು.

ಹಳ್ಳದ ದಂಡೆಯೂ ಬೀಳು ಜಾಗವಾಗಿರಲಿಲ್ಲ. ಹೊಂಗೆ, ಲಕ್ಕಿ, ಈಚಲು, ಕೇದಿಗೆ, ಜೊಂಡು ಅಲ್ಲಿ ತಾವಾಗಿ ಬೆಳೆಯುತ್ತಿದ್ದವು. ಹೊಂಗೆ ಸೊಪ್ಪು ಕಡಿದು ಭತ್ತದ ಗದ್ದೆಗೆ ತುಳಿಯುತ್ತಿದ್ದರು. ಚೀಲದ ಗೊಬ್ಬರ ಬರುವ ಮುಂಚೆ ಗದ್ದೆಯ ಹೊಟ್ಟೆ ತುಂಬಿಸಿದ್ದು ಅದೇ. ಈಚಲು ಗರಿ ಚಾಪೆಗೆ, ಪೊರಕೆಗೆ. ಲಕ್ಕಿ ಕಡ್ಡಿ ಕುಕ್ಕೆಗೆ. ಕೇದಿಗೆ ಬೇರು ದಂಡೆಯನ್ನು ಹಿಡಿದು ನಿಲ್ಲಿಸುತ್ತಿತ್ತು. ಮಳೆಗಾಲದಲ್ಲಿ ಹುಡುಗರಿಗೆ ಏಡಿ, ಮೀನು. ಬೇಸಿಗೆಯಲ್ಲಿ ಎಮ್ಮೆಗಳಿಗೆ ಗುಂಡಿಯ ನೀರು. ಹೊಲ ಇಲ್ಲದವನ ಒಂದು ಹಸು, ಎರಡು ಕುರಿ ಮೇಯುತ್ತಿದ್ದದ್ದು ಈ ದಂಡೆಯಲ್ಲೇ. ಊರಹಬ್ಬದಲ್ಲಿ ದೇವರ ಹೂ ಹೊಂಬಾಳೆಗೂ ನೀರಿನ ದಂಡೆಯೇ ಆಗಬೇಕು.

ಕಂದಾಯದ ಪುಸ್ತಕದಲ್ಲಿ ಇದಕ್ಕೆಲ್ಲ ಒಂದೇ ಹೆಸರು: ಖರಾಬು. ಬರೆದ ಸರ್ಕಾರಕ್ಕೆ ಅದರಿಂದ ಕಂದಾಯ ಬರುತ್ತಿರಲಿಲ್ಲ, ಅದಕ್ಕೆ ಖರಾಬು. ಊರಿಗೆ ಮಾತ್ರ ಅದು ಖರಾಬಾಗಿರಲಿಲ್ಲ.

ನಾಲೆ ಬಂತು, ಹಳ್ಳ ಮರೆತುಹೋಯಿತು

ನಾಲೆ ಬರುವ ಮುಂಚೆ ಮಂಡ್ಯ ಸೀಮೆ ಇಂದಿನ ಹಾಗೆ ಸದಾ ಹಸಿರಾಗಿರಲಿಲ್ಲ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಅದರಲ್ಲಿ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆ ಮಳೆಗಳದ್ದು. ಆ ನೀರು ಹಳ್ಳ ಹಿಡಿದು ಕೆರೆಗೆ ಬಂದರೆ ಭತ್ತ, ಇಲ್ಲದಿದ್ದರೆ ರಾಗಿ. ಆದ್ದರಿಂದ ಹಳ್ಳ ಕಾಯುವುದು ಹೊಟ್ಟೆಪಾಡಿನ ಮಾತಾಗಿತ್ತು. ನೀರಗಂಟಿ ಇದ್ದ. ಕೆರೆಗೆ ನೀರು ತರುವ ಹಳ್ಳಕ್ಕೆ ಮುಳ್ಳು ಬಿದ್ದರೆ, ಹೂಳು ಕಟ್ಟಿದರೆ, ಊರೇ ಸೇರಿ ತೆಗೆಯುತ್ತಿತ್ತು. ಒಬ್ಬ ಹಳ್ಳಕ್ಕೆ ಕಲ್ಲು ಹಾಕಿದರೆ ಹತ್ತು ಜನ ಕೇಳೋರಿದ್ದರು. ಕೆರೆ ತುಂಬದಿದ್ದರೆ ಹತ್ತು ಜನದ ಅನ್ನಕ್ಕೂ ಕಲ್ಲು ಬೀಳುತ್ತಿತ್ತಲ್ಲ!

1911ರಲ್ಲಿ ಶುರುವಾದ ಕೃಷ್ಣರಾಜಸಾಗರದ ಕೆಲಸ 1930ರ ದಶಕದ ಆರಂಭಕ್ಕೆ ಮುಗಿಯಿತು. ಆಗಿನ ವೈಸರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಬಂತು. ಮುಂದೆ ಅದೇ ವಿಶ್ವೇಶ್ವರಯ್ಯ ನಾಲೆಯಾಯಿತು. ಹುಲಿಕೆರೆಯ ಬಳಿ ಗುಡ್ಡ ಕೊರೆದು ಸುರಂಗ ಮಾಡಿ ಕಾವೇರಿ ನೀರನ್ನು ಮಂಡ್ಯದ ಬಯಲಿಗೆ ತಂದರು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಎಲ್ಲಕ್ಕೂ ಬೇರು ನಾಲೆ ನೀರು.

ನಾಲೆ ನೀರು ದಿಬ್ಬದ ಮೇಲಿನಿಂದ ಇಳಿಯುತ್ತದೆ. ಕೆರಗೋಡು ಹೋಬಳಿಯಲ್ಲಿ ಅದು ಹತ್ತುವ ನೆಲವೂ ಉಂಟು, ಹತ್ತದ ನೆಲವೂ ಉಂಟು. ಹತ್ತಿದ ಕಡೆ ಒಕ್ಕಲುಮಗನ ಕಣ್ಣು ಕೆಳಗಿನ ಹಳ್ಳ ಬಿಟ್ಟು ಮೇಲಿನ ತೂಬಿನ ಕಡೆಗೆ ತಿರುಗಿತು. ಮಳೆ ಬಂದರೂ ಸರಿ, ಬಾರದಿದ್ದರೂ ಸರಿ, ಕಟ್ಟೆ ತುಂಬಿತೇ ಎಂಬುದೇ ಮಾತು. ನೀರು ಕೊಡುತ್ತಿದ್ದ ಹಳ್ಳದ ಮರ್ಯಾದೆ ಅಲ್ಲಿಗೆ ಮುಗಿಯಿತು. 1960ರ ದಶಕದಲ್ಲಿ ವಂಶಪಾರಂಪರ್ಯ ಗ್ರಾಮಾಧಿಕಾರಗಳೂ ರದ್ದಾದವು. ಪಟೇಲ, ಶ್ಯಾನುಭೋಗರ ದರ್ಬಾರು ಹೋದದ್ದಕ್ಕೆ ಅಳುವವರಿಲ್ಲ. ಆದರೆ ಯಾವ ಹಳ್ಳ ಎಲ್ಲಿಂದ ಎಲ್ಲಿಗೆ, ಅದರ ಅಗಲ ಎಷ್ಟು ಎಂದು ಬಾಯಿಪಾಠ ಹೇಳುವವರೂ ಅವರ ಹಿಂದೆಯೇ ಕಾಣೆಯಾದರು.

ಕೊಡುವ ಕೆಲಸ ಹೋಗಿ ಕಳೆಯುವ ಕೆಲಸ ಬಂತು

ನಿಜ ಏನೆಂದರೆ, ನಾಲೆ ಬಂದ ಮೇಲೆ ಹಳ್ಳದ ಅಗತ್ಯ ಕಡಮೆಯಾಗಲಿಲ್ಲ, ಇಮ್ಮಡಿಯಾಯಿತು. ಮೊದಲು ಅದು ನೀರು ಕೊಡಬೇಕಿತ್ತು. ಈಗ ಹೆಚ್ಚಾದ ನೀರು ಕಳೆಯಬೇಕು.

ಗದ್ದೆಗೆ ಕಟ್ಟಿದ ನೀರೆಲ್ಲ ಬೆಳೆ ಕುಡಿಯುವುದಿಲ್ಲ. ಒಂದು ಪಾಲು ನೆಲಕ್ಕೆ ಇಳಿದು, ಒಳಗೊಳಗೇ ಜಾರಿ, ತಗ್ಗಿನಲ್ಲಿ ಮತ್ತೆ ಹೊರಗೆ ಜಿನುಗುತ್ತದೆ. ಇದೇ ಬಸಿ ನೀರು. ಹಳ್ಳ ಆಳವಾಗಿ, ಬಾಯಿ ತೆರೆದು ಇದ್ದರೆ ಬಸಿ ನೀರು ಅದಕ್ಕೆ ಇಳಿದು ಮುಂದೆ ಹೋಗುತ್ತದೆ. ಹಳ್ಳ ಹೂತುಹೋಗಿದ್ದರೆ ನೀರಿಗೆ ದಾರಿಯಿಲ್ಲ, ಗದ್ದೆಯ ಬುಡದಲ್ಲೇ ನಿಲ್ಲುತ್ತದೆ. ಬೇರಿಗೆ ಉಸಿರು ಕಟ್ಟುತ್ತದೆ. ಬೇಸಿಗೆಯ ಬಿಸಿಲಿಗೆ ನೀರು ಆರಿ, ಅದರೊಳಗಿನ ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ನೆಲದ ಮೇಲೆ ಬಿಳಿ ಪುಡಿ ಕಾಣಿಸಿಕೊಂಡರೆ ಮುಗಿಯಿತು, ಚೌಳು ಬಂತು ಎಂದೇ ಅರ್ಥ. ಚೌಳು ಬಂದ ಗದ್ದೆಗೆ ಎಷ್ಟು ಗೊಬ್ಬರ ಸುರಿದರೂ ಹೊಳೆಯಲ್ಲಿ ಹುಣಸೆ ಹಿಂಡಿದ ಹಾಗೆ. ಜಗತ್ತಿನ ಎಷ್ಟೋ ನಾಲೆ ಬಯಲುಗಳು ಹಾಳಾದದ್ದು ನೀರಿಲ್ಲದೆ ಅಲ್ಲ, ನೀರು ಹೊರಕ್ಕೆ ಹೋಗದೆ.

ಆರಂಭದಲ್ಲಿ ನಾಲೆ ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಬ್ಲಾಕ್ ಪದ್ಧತಿ ಎಂದು ತಂದರು. ಊರಿನ ಬಯಲನ್ನು ಪಾಲು ಮಾಡಿ ಒಂದು ಕಡೆ ಕಬ್ಬು, ಒಂದು ಕಡೆ ಭತ್ತ, ಒಂದು ಕಡೆ ಕಡಮೆ ನೀರಿನ ಬೆಳೆ. ಮೂರು ವರ್ಷಕ್ಕೊಂದು ಸುತ್ತು. ಯಾವ ನೆಲವೂ ವರ್ಷಾನುಗಟ್ಟಲೆ ನೀರಿನಲ್ಲೇ ನೆನೆಯಬಾರದು ಎಂಬ ಎಚ್ಚರ. ನಾಲೆ ಬಂದ ಹೊಸತರಲ್ಲಿ ನಿಂತ ನೀರಿನ ಜೊತೆ ಮಲೇರಿಯಾ ಕಾಟವೂ ಬಂದು ಈ ಎಚ್ಚರಕ್ಕೆ ಇನ್ನೊಂದು ಕಾರಣ ಕೊಟ್ಟಿತ್ತು. ಬರಬರುತ್ತಾ ಕಬ್ಬು, ಭತ್ತದ ಆಸೆಯ ಮುಂದೆ ಬ್ಲಾಕು ಸಡಿಲವಾಯಿತು. ಬೆಳೆಯ ಸುತ್ತೂ ಇಲ್ಲ, ಹಳ್ಳದ ಬಾಯಿಯೂ ಇಲ್ಲ ಎಂದರೆ ಗದ್ದೆಯ ಗತಿ ಏನು?

ಈ ಬಸಿ ನೀರಿಗೆ ಇನ್ನೊಂದು ಮುಖವಿದೆ. ನಾಲೆ ನಿಂತ ಬೇಸಿಗೆಯಲ್ಲೂ ಹಳ್ಳದಲ್ಲಿ ಸಣ್ಣಗೆ ಹರಿಯುವುದು ಇದೇ ನೀರು. ನಾಲೆಯ ಕೊನೆಯವನಿಗೆ, ತೂಬಿನ ನೀರು ಮುಟ್ಟದವನಿಗೆ, ಇದೇ ದಿಕ್ಕು. ಹಳ್ಳಕ್ಕೆ ಪಂಪು ಇಟ್ಟು ಅರ್ಧ ಎಕರೆ ಸೊಪ್ಪು ತರಕಾರಿ ಬೆಳೆದು ಸಂಸಾರ ತೂಗಿಸುವವರು ಎಷ್ಟು ಊರಿನಲ್ಲಿಲ್ಲ? ಮೇಲಿನವನು ಬಿಟ್ಟ ನೀರು ಕೆಳಗಿನವನ ಬಾಳು. ಹಳ್ಳವೇ ಇಬ್ಬರ ನಡುವಿನ ಕರಾರುಪತ್ರ.

ವರ್ಷಕ್ಕೊಂದು ಸಾಲು

ಹಾಗಾದರೆ ಹಳ್ಳ ನುಂಗಿದವರು ಯಾರು? ರಾತ್ರೋರಾತ್ರಿ ಬಂದ ಭೂಗಳ್ಳರಲ್ಲ. ಹಗಲು ಹೊತ್ತಿನಲ್ಲಿ, ನೇಗಿಲು ಹಿಡಿದು, ವರ್ಷಕ್ಕೊಂದು ಸಾಲಿನಂತೆ ನುಂಗಿದ್ದು. ಇದರ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಹಳೆಯ ಸರ್ವೆ ಸರಪಳಿಯ ಉದ್ದ 33 ಅಡಿ. ಅದನ್ನು 16 ಆಣೆ ಎಂದು ಭಾಗ ಮಾಡುತ್ತಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಒಂದು ಹಳ್ಳ ಒಂದು ಸರಪಳಿ ಅಗಲ ಇದೆಯೆಂದು ಇಟ್ಟುಕೊಳ್ಳಿ. ಒಂದು ಕಿಲೋಮೀಟರ್ ಉದ್ದಕ್ಕೆ ಅದರ ವಿಸ್ತೀರ್ಣ 99 ಗುಂಟೆ, ಅಂದರೆ ಎರಡೂವರೆ ಎಕರೆಗೆ ಒಂದು ಗುಂಟೆ ಕಮ್ಮಿ.

ಈಗ ಎರಡೂ ದಂಡೆಯವರು ವರ್ಷಕ್ಕೆ ಅರ್ಧರ್ಧ ಅಡಿ ಬದು ಸರಿಸುತ್ತಾ ಬಂದರು ಅನ್ನಿ. ಅರ್ಧ ಅಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಪ್ಪ ಶುರುಮಾಡಿದ್ದು ಮಗನ ಕಾಲಕ್ಕೆ, 22 ವರ್ಷಕ್ಕೆ, ಎರಡು ಕಡೆಯಿಂದ 22 ಅಡಿ. 33 ಅಡಿಯ ಹಳ್ಳ 11 ಅಡಿಯ ಓಣಿಯಾಯಿತು. ಕಿಲೋಮೀಟರಿಗೆ 66 ಗುಂಟೆ ಹೋಯಿತು. ಎರಡೂ ದಂಡೆ ಸೇರಿ 20 ಜನ ಹಿಡುವಳಿದಾರರಿದ್ದರೆ ತಲೆಗೆ ಸಿಕ್ಕಿದ್ದು ಮೂರು ಗುಂಟೆ ಚಿಲ್ಲರೆ.

ಮೂರು ಗುಂಟೆಯ ಕಬ್ಬಿನಿಂದ ಯಾರೂ ಸಾಹುಕಾರರಾದದ್ದಿಲ್ಲ. ಆದರೆ ಹಳ್ಳ ಸತ್ತದ್ದರಿಂದ ಹಿಂದಿನ ಮೂರು ಎಕರೆಗೆ ಜವುಗು ಹತ್ತಬಹುದು. ಮೂರು ಗುಂಟೆ ಲಾಭ, ಮೂರು ಎಕರೆ ನಷ್ಟ! ಇದ್ಯಾವ ಲೆಕ್ಕ ಸ್ವಾಮಿ?

ಬದು ಸರಿಸಿದವನು ಸುಮ್ಮನೆ ಕೂರುವುದಿಲ್ಲ. ಅಂಚಿಗೆ ನಾಲ್ಕು ತೆಂಗಿನ ಸಸಿ ನೆಡುತ್ತಾನೆ. ಹತ್ತು ವರ್ಷಕ್ಕೆ ಸಸಿ ಮರವಾಗುತ್ತದೆ, ಮರ ಸಾಕ್ಷಿಯಾಗುತ್ತದೆ. ನಮ್ಮಪ್ಪ ನೆಟ್ಟ ಮರ ಕಣ್ರೀ ಎಂಬ ಮಾತಿನ ಮುಂದೆ ಯಾವ ನಕ್ಷೆ ನಿಲ್ಲುತ್ತದೆ? ಈಚೆಗೆ ನೇಗಿಲಿಗೆ ಪುರುಸೊತ್ತಿಲ್ಲ, ಜೆಸಿಬಿ ಬಂದಿದೆ. 22 ವರ್ಷದ ಕೆಲಸ ಅದಕ್ಕೆ ಒಂದು ಮಧ್ಯಾಹ್ನದ್ದು. ಅಂಕುಡೊಂಕು ಹಳ್ಳವನ್ನು ನೇರ ಮಾಡಿದರೆ ಗದ್ದೆ ಚೌಕವಾಗುತ್ತದೆ, ನಿಜ. ಆದರೆ ಹಳ್ಳ ಡೊಂಕಾಗಿ ಹರಿಯುವುದು ಸೋಮಾರಿತನದಿಂದಲ್ಲ. ಡೊಂಕಿನಲ್ಲಿ ನೀರಿನ ವೇಗ ಇಳಿಯುತ್ತದೆ, ಮಣ್ಣು ಕೂರುತ್ತದೆ, ನೆಲಕ್ಕೆ ನೀರು ಇಂಗುತ್ತದೆ. ನೇರ ಮಾಡಿದ ಹಳ್ಳ ತಲೆಕೆಟ್ಟ ಗೂಳಿಯ ಹಾಗೆ ನುಗ್ಗಿ ಕೆಳಗಿನವನ ಬದು ಕೊಚ್ಚಿಕೊಂಡು ಹೋಗುತ್ತದೆ.

ತಪ್ಪೆಲ್ಲ ರೈತನ ತಲೆಗೇ ಕಟ್ಟುವುದೂ ನ್ಯಾಯವಲ್ಲ. ರಸ್ತೆ ಮಾಡುವವರು ಅಗಲವಾದ ಹಳ್ಳಕ್ಕೆ ಎರಡು ಸಿಮೆಂಟ್ ಪೈಪು ಹೂತು ಮಣ್ಣು ಮುಚ್ಚಿದ್ದುಂಟು. ಊರಿನ ಕೊಳಚೆಗೆ, ಕೋಳಿ ಅಂಗಡಿಯ ಕಸಕ್ಕೆ, ಪ್ಲಾಸ್ಟಿಕ್ ಚೀಲಕ್ಕೆ ಹಳ್ಳವೇ ಗುಂಡಿ. ಮರಳಿಗೆ ಬೆಲೆ ಬಂದ ಕಾಲದಲ್ಲಿ ಹಳ್ಳದ ಮಣ್ಣನ್ನೇ ತೊಳೆದು ಫಿಲ್ಟರ್ ಮರಳು ಮಾಡುವ ದಂಧೆಯೂ ಈ ಜಿಲ್ಲೆಗೆ ಹೊಸದಲ್ಲ. ಮರಳು ಹೋದ ಹಳ್ಳದಲ್ಲಿ ನೀರು ಇಂಗುವುದಿಲ್ಲ, ನೀರು ಇಂಗದಿದ್ದರೆ ದಂಡೆಯ ಬಾವಿ, ಬೋರು ಒಣಗುತ್ತವೆ. ಒಂದಕ್ಕೊಂದು ಗಂಟು.

ಮಳೆಯ ಲೆಕ್ಕ

ಹಳ್ಳ ಒಣಗಿದೆ, ಇಷ್ಟು ಅಗಲ ಯಾಕೆ ಎಂಬ ಪ್ರಶ್ನೆ ಕೇಳಿಬರುತ್ತದೆ. ಉತ್ತರ ಮಳೆ ಕೊಡುತ್ತದೆ.

ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ನೀರು ಒಂದು ಲಕ್ಷ ಲೀಟರಿಗೂ ಮೇಲೆ. ಸಾವಿರ ಎಕರೆ ಬಯಲಿನ ಹಳ್ಳವೆಂದರೆ ಸಣ್ಣದೇ. ಅಲ್ಲಿ ಬಿದ್ದ ನೀರು ಹತ್ತು ಕೋಟಿ ಲೀಟರ್. ಅರ್ಧ ನೆಲ ಕುಡಿದರೂ ಉಳಿದದ್ದು ಐದು ಕೋಟಿ. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತು ಸಾವಿರ ಟ್ಯಾಂಕರ್! ಹಸ್ತ, ಚಿತ್ತೆ ಮಳೆ ಹಿಡಿದುಕೊಂಡರೆ ಒಂದು ರಾತ್ರಿಯಲ್ಲಿ ಒಂದು ಇಂಚಿಗೆ ನಿಲ್ಲುವುದಿಲ್ಲ, ಎರಡು ಮೂರು ಇಂಚೂ ಆಗುತ್ತದೆ. ಇಷ್ಟು ನೀರು 33 ಅಡಿ ಹಳ್ಳದಲ್ಲಿ ಮಾನವಾಗಿ ಹೋಗುತ್ತಿತ್ತು. 11 ಅಡಿ ಓಣಿಯಲ್ಲಿ, ಅದೂ ಹೂಳು ತುಂಬಿ ತಳ ಮೇಲೆ ಬಂದಿರುವಾಗ, ಮೂರನೇ ಒಂದು ಪಾಲೂ ಹೋಗುವುದಿಲ್ಲ. ಮಿಕ್ಕದ್ದು ಗದ್ದೆ ಮೇಲೆ, ಆಮೇಲೆ ರಸ್ತೆ ಮೇಲೆ, ಆಮೇಲೆ ಮನೆಯೊಳಕ್ಕೆ.

2022ರ ಮಳೆಗಾಲವನ್ನು ಮಂಡ್ಯದವರು ಮರೆತಿರಲಾರರು. ಬೂದನೂರು ಕೆರೆಯ ನೀರು ಬೆಂಗಳೂರು ಮೈಸೂರು ಹೆದ್ದಾರಿಯ ಮೇಲೆ ಹರಿದು ವಾಹನಗಳು ಸಾಲುಗಟ್ಟಿ ನಿಂತವು. ಕೆರೆಗೆ ಕೋಡಿ ಇರುತ್ತದೆ, ಕೋಡಿಗೆ ಹಳ್ಳ ಬೇಕು. ಕೋಡಿಯಿಂದ ಇಳಿದ ನೀರು ದಾರಿ ಸಾಲದಿದ್ದರೆ ತಾನೇ ಒಂದು ದಾರಿ ಹುಡುಕಿಕೊಳ್ಳುತ್ತದೆ. ನೀರಿಗೆ ಮರೆವಿಲ್ಲ. ಪಹಣಿಯಲ್ಲಿ ಯಾರ ಹೆಸರಿದ್ದರೂ ಅದು ತನ್ನ ಹಳೇ ಜಾಗಕ್ಕೇ ಬರುತ್ತದೆ.

ಮರುವರ್ಷವೇ ಕಥೆ ಉಲ್ಟಾ. 2023ರಲ್ಲಿ ಮುಂಗಾರು ಕೈಕೊಟ್ಟು ಕೃಷ್ಣರಾಜಸಾಗರ ತುಂಬಲಿಲ್ಲ. ನಾಲೆ ನೀರಿಗಾಗಿ ಜಿಲ್ಲೆಯೇ ಬೀದಿಗಿಳಿಯಿತು. 2024ರ ಬೇಸಿಗೆಯಲ್ಲಿ ನಾಲೆಯ ಬಯಲಿನಲ್ಲೂ ಬೋರು ಬತ್ತಿದ ಸುದ್ದಿ ಬಂತು. ಅಂಥ ಹೊತ್ತಿನಲ್ಲಿ ಹೂಳು ತೆಗೆದ ಹಳ್ಳ, ಅದರಲ್ಲಿ ನಾಲ್ಕು ಕಡೆ ತಡೆದು ನಿಲ್ಲಿಸಿದ ನೀರು ಇದ್ದ ಊರಿಗೂ ಇಲ್ಲದ ಊರಿಗೂ ವ್ಯತ್ಯಾಸ ಕಾಣುತ್ತದೆ. ಮಳೆ ಹೆಚ್ಚಾದಾಗ ಕಳೆಯಲು ಹಳ್ಳ ಬೇಕು, ಕಡಮೆಯಾದಾಗ ಉಳಿಸಲೂ ಹಳ್ಳ ಬೇಕು. ಒಂದೇ ವರ್ಷದ ಅಂತರದಲ್ಲಿ ಜಿಲ್ಲೆಗೆ ಎರಡೂ ಪಾಠವಾಯಿತು. ಕಲಿತವರೆಷ್ಟು ಜನ?

ಕಾನೂನು ಸತ್ತಿಲ್ಲ, ಮಲಗಿದೆ

ಹಳ್ಳ ಯಾರದು ಎಂಬ ಬಗ್ಗೆ ಕಾನೂನಿಗೆ ಯಾವ ಅನುಮಾನವೂ ಇಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೇ ಕಲಮಿನಂತೆ ದಾರಿ, ಓಣಿ, ಹೊಳೆ, ಹಳ್ಳ, ಕೆರೆ, ನಾಲೆ, ಬೇರೆಯವರ ಸ್ವತ್ತು ಎಂದು ಸಾಬೀತಾಗದ ಹೊರತು, ಸರ್ಕಾರದ ಸ್ವತ್ತು. ಅಂದರೆ ಸಾರ್ವಜನಿಕರದು.

ಖರಾಬಿನಲ್ಲೂ ಎರಡು ಬಗೆ. ‘ಎ’ ಖರಾಬು ಎಂದರೆ ಕಲ್ಲು ಬಂಡೆಯಿಂದಲೋ ಮತ್ತೊಂದರಿಂದಲೋ ಸಾಗುವಳಿಗೆ ಬಾರದ್ದು. ‘ಬಿ’ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂತೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಎಷ್ಟೋ ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಪಕ್ಕದಲ್ಲೇ ಇಷ್ಟು ಗುಂಟೆ ಖರಾಬು ಎಂದು ಬರೆದಿರುತ್ತದೆ. ನಮ್ಮ ಸರ್ವೆ ನಂಬರಿನೊಳಗೇ ಇದೆಯಲ್ಲ, ನಮ್ಮದೇ ಎಂದು ಹಲವರು ತಿಳಿದಿದ್ದಾರೆ. ‘ಬಿ’ ಖರಾಬಾದರೆ ಅದು ಅವರದಲ್ಲ. ನಂಬರಿನೊಳಗೆ ಹಳ್ಳ ಹಾದುಹೋಗುತ್ತದೆ ಅಷ್ಟೆ.

2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಒಂದು ಹಳ್ಳಿಯ ಕೊಳದ ಒತ್ತುವರಿ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟು, ಊರೊಟ್ಟಿನ ಜಾಗ ಕಬಳಿಸಿದವರನ್ನು ತೆರವು ಮಾಡಲು ಯೋಜನೆ ಮಾಡಿಕೊಳ್ಳಿ ಎಂದು ಎಲ್ಲ ರಾಜ್ಯಗಳಿಗೂ ತಾಕೀತು ಮಾಡಿತು. ಬಹಳ ವರ್ಷದಿಂದ ಅನುಭವದಲ್ಲಿದೆ, ಮನೆ ಕಟ್ಟಿ ಖರ್ಚು ಮಾಡಿದ್ದೇವೆ ಎಂಬ ಸಬೂಬು ನಡೆಯದು ಎಂದೂ ಹೇಳಿತು.

ತಿಳಿದುಕೊಳ್ಳುವುದೂ ಈಗ ಕಷ್ಟವಲ್ಲ. ಗ್ರಾಮ ನಕ್ಷೆಗೆ ಮೊದಲಿನ ಹಾಗೆ ದಫ್ತರಿನ ಮುಂದೆ ದಿನಗಟ್ಟಲೆ ಕಾಯಬೇಕಾಗಿಲ್ಲ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ದಿಶಾಂಕ್ ಎಂಬ ಆ್ಯಪ್ ಹಾಕಿಕೊಂಡು ಗದ್ದೆಯಲ್ಲಿ ನಿಂತರೆ ನಿಂತ ಜಾಗದ ಸರ್ವೆ ನಂಬರು ಮೊಬೈಲಿನಲ್ಲೇ ಕಾಣುತ್ತದೆ. ಅದು ಗಡಿ ತೀರ್ಮಾನಕ್ಕೆ ಸಾಕ್ಷಿಯಲ್ಲ, ಅಳತೆಯನ್ನು ಭೂಮಾಪಕರೇ ಮಾಡಬೇಕು. ಆದರೆ ಹಳ್ಳ ಇರಬೇಕಾದ ಕಡೆ ನಾವು ಕಬ್ಬಿನ ನಡುವೆ ನಿಂತಿದ್ದೇವೆ ಎಂಬ ತಿಳಿವಳಿಕೆಗೆ ಅಷ್ಟು ಸಾಕು.

ಆಗಬೇಕಾದದ್ದು

ಮೊದಲನೆಯದು ಅಳತೆ. ಗ್ರಾಮ ಪಂಚಾಯಿತಿ ತನ್ನ ಎಲ್ಲೆಯ ಒಂದೊಂದು ಹಳ್ಳಕ್ಕೂ ಸರ್ವೆಗೆ ಅರ್ಜಿ ಹಾಕಬೇಕು. ಎರಡೂ ದಂಡೆಗೆ ಕಲ್ಲು ನೆಡಿಸಬೇಕು. ಒಬ್ಬನ ಗದ್ದೆ ಅಳೆದು ಇನ್ನೊಬ್ಬನದು ಬಿಟ್ಟರೆ ಜಗಳ ಖಂಡಿತ. ಬಾಯಿಂದ ಬಾಲದವರೆಗೆ ಒಂದೇ ಸಲ ಅಳೆದರೆ ಯಾರೂ ಯಾರ ಕಡೆಗೂ ಬೆರಳು ತೋರುವಂತಿಲ್ಲ.

ಎರಡನೆಯದು ಹೂಳು. ಇದನ್ನು ಯಂತ್ರ ಇಳಿಸಿ ಕಾಲುವೆ ತೋಡಿದ ಹಾಗೆ ತೋಡುವುದಲ್ಲ. ಡೊಂಕು ಡೊಂಕಾಗಿಯೇ ಇರಲಿ, ದಂಡೆಯ ಹೊಂಗೆ, ಕೇದಿಗೆ ಉಳಿಯಲಿ. ತಗ್ಗಿನ ತರಿಯಲ್ಲಿ ನೀರು ಹೋಗಲು ದಾರಿ, ಮೇಲಿನ ಖುಷ್ಕಿಯಲ್ಲಿ ನೀರು ನಿಲ್ಲಲು ಸಣ್ಣ ತಡೆ. ಎರಡನ್ನೂ ತಿರುಗಾಮುರುಗಾ ಮಾಡಿದರೆ ಹಣವೂ ಹಳ್ಳ ಹಿಡಿಯುತ್ತದೆ.

ಮೂರನೆಯದು ಮೋರಿ. ರಸ್ತೆ ಮಾಡುವವರು ಪೈಪಿನ ಅಳತೆಗೆ ಹಳ್ಳ ಕಿರಿದು ಮಾಡುವುದು ಬಿಟ್ಟು, ಹಳ್ಳದ ಅಳತೆಗೆ ಮೋರಿ ಕಟ್ಟಬೇಕು.

ದೊಡ್ಡ ದುಡ್ಡು, ದೊಡ್ಡ ಯೋಜನೆ ಬರಲಿ ಎಂದು ಕಾಯುವವರಿಗೆ ಇದೇ ಜಿಲ್ಲೆಯ ಒಂದು ಉದಾಹರಣೆ ಇದೆ. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಕುಂದೂರು ಬೆಟ್ಟದ ಸೀಮೆಯಲ್ಲಿ ಪ್ರಾಣಿ ಪಕ್ಷಿಗಳ ಬಾಯಾರಿಕೆಗೆಂದು ಒಂದರ ಹಿಂದೊಂದು ಕಟ್ಟೆ ತೋಡುತ್ತಾ ಹೋದರು. ಓದು ಬರಹದವರಲ್ಲ, ಅಧಿಕಾರದವರಲ್ಲ. 2020ರಲ್ಲಿ ಪ್ರಧಾನಿಯವರು ರೇಡಿಯೋ ಭಾಷಣದಲ್ಲಿ ಅವರ ಹೆಸರು ಹೇಳಿದಾಗ ದೇಶಕ್ಕೆಲ್ಲ ಗೊತ್ತಾಯಿತು. 2022ರಲ್ಲಿ ಅವರು ತೀರಿಕೊಂಡರು. ಬೆಟ್ಟದಿಂದ ಇಳಿಯುವ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಎಂದು ಕುರಿಯ ಹಿಂದೆ ನಡೆದೇ ಅವರು ತಿಳಿದುಕೊಂಡದ್ದು. ಒಬ್ಬ ಕುರಿಗಾಹಿಗೆ ಕಾಣಿಸಿದ ನೀರಿನ ದಾರಿ ಒಂದು ಊರಿಗೆ ಕಾಣಿಸದೇ?

ಕೆರಗೋಡಿನ ಹೆಸರು ತಾಮ್ರದ ಹಲಗೆಯಲ್ಲಿ ಸಾವಿರದ ಮುನ್ನೂರು ವರ್ಷ ಉಳಿದಿದೆ. ಹಳ್ಳ ಕಾಗದದ ನಕ್ಷೆಯಲ್ಲಿದೆ. ಕಾಗದಕ್ಕೆ ಅಷ್ಟು ಆಯುಸ್ಸಿಲ್ಲ. ಮುಂದಿನ ಹಸ್ತ ಮಳೆ ಬಂದು ತಾನೇ ಅಳತೆ ಮಾಡುವ ಮುಂಚೆ ಊರಿನವರೂ ಸಂಬಂಧಪಟ್ಟ ಅಧಿಕಾರಿಗಳೂ ಒಮ್ಮೆ ಸರಪಳಿ ಹಿಡಿದು ಹಳ್ಳಕ್ಕೆ ಇಳಿಯುವರೇ?